ಹನ್ನೆರಡನೆಯ ಕುರ್ಚಿ

ನಮ್ಮ ಕಡೆ ಯೇಸುಸ್ವಾಮಿ ಎಷ್ಟು ಗಂಟೆಗೆ ಪ್ರಾಣ ಬಿಡಬೇಕೆಂದು ನಿರ್ಧರಿಸುತ್ತಿದ್ದುದು ಸಾರಿಗೆ ಬಸ್ಸು. ರೋಣ, ನರಗುಂದ, ಗಜೇಂದ್ರಗಡ, ಈ ಮೂರೂ ಊರಿನ ಸಣ್ಣ ಸಣ್ಣ ಕ್ರೈಸ್ತ ಸಭೆಗಳಿಗೆ ಸೇರಿ ಇದ್ದ ಪಾದ್ರಿ ಒಬ್ಬರೇ. ಅವರನ್ನು ನಾವು ಅಯ್ಯನವರು ಎನ್ನುತ್ತಿದ್ದೆವು. ಶುಭ ಶುಕ್ರವಾರ ಮುಂಜಾನೆ ಅವರು ಗಜೇಂದ್ರಗಡದಲ್ಲಿ ಸ್ವಾಮಿಯನ್ನು ಶಿಲುಬೆಗೆ ಏರಿಸಿ, ಕೊನೆಯ ಪ್ರಾರ್ಥನೆ ಹೇಳಿ, ಬಗಲಿಗೆ ಚೀಲ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಓಡುತ್ತಿದ್ದರು. ರೋಣದಲ್ಲಿ ಬಸ್ಸು ಬದಲಿಸಿ ನರಗುಂದ ಮುಟ್ಟುವ ಹೊತ್ತಿಗೆ ನಾಲ್ಕು ಗಂಟೆ. ಸುವಾರ್ತೆಯ ಪ್ರಕಾರ ಮೂರಕ್ಕೇ ಎಲ್ಲ ಮುಗಿದುಹೋಗಿರಬೇಕು. ನರಗುಂದದಲ್ಲಿ ನಾಲ್ಕಕ್ಕೆ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಬಸ್ಸು ಕೆಟ್ಟು ನಿಂತ ವರ್ಷ ಐದೂವರೆಯಾಗಿತ್ತು. ಒಂದೇ ದಿನ ಎರಡು ಊರಲ್ಲಿ ಎರಡು ಸಲ ಸಾಯುವ ಕಷ್ಟ ಆ ಪುಣ್ಯಾತ್ಮನಿಗೆ ಬಂದದ್ದು ನಮ್ಮ ತಾಲೂಕುಗಳಲ್ಲಿ ಮಾತ್ರವೇ ಇರಬೇಕು.

ಹೀಗೆ ಹಬ್ಬಗಳನ್ನು ಹಂಚಿಕೊಂಡಾಗ ನಮ್ಮ ರೋಣದ ಪಾಲಿಗೆ ಬಂದದ್ದು ಅದರ ಹಿಂದಿನ ಗುರುವಾರ, ಪಾದ ತೊಳೆಯುವ ದಿನ. ನಾನು ಹೇಳುತ್ತಿರುವುದು ಎರಡು ಸಾವಿರದ ಇಸವಿ ದಾಟಿ ಆರೋ ಏಳೋ ವರ್ಷವಾಗಿದ್ದಾಗಿನ ಮಾತು. ನಾನಾಗ ಊರಿನ ಕನ್ನಡ ಶಾಲೆಯಲ್ಲಿ ಟೀಚರು. ಎಲ್ಲರೂ ಅಕ್ಕಾರು ಎಂದು ಕರೆಯುತ್ತಿದ್ದರು. ನನ್ನ ನಾಲಿಗೆಗೆ ಮೂಗುದಾರ ಇಲ್ಲವೆಂಬುದು ನಮ್ಮ ಅತ್ತೆ ಮದುವೆಯಾದ ಮೂರನೆಯ ದಿನವೇ ಕಂಡುಹಿಡಿದ ಸತ್ಯ. ಈಸ್ಟರ್ ಹಬ್ಬಕ್ಕೆ ಮುಂಚಿನ ನಲವತ್ತು ದಿನ ಕ್ರೈಸ್ತರು ತಮಗೆ ಪ್ರಿಯವಾದದ್ದೇನನ್ನಾದರೂ ಬಿಡಬೇಕು. ಸಭೆಯ ಹಿರಿಯರಾದ ಮಾಸ್ತರು ಮಾಂಸ ಬಿಡುತ್ತಿದ್ದರು, ಆದರೆ ತತ್ತಿ ಮಾಂಸದ ಲೆಕ್ಕಕ್ಕೆ ಬರುವುದಿಲ್ಲವೆಂದು ತಾವೇ ತೀರ್ಪು ಕೊಟ್ಟುಕೊಂಡು ಮೂರು ಹೊತ್ತೂ ತತ್ತಿ ತಿನ್ನುತ್ತಿದ್ದರು. ನಾನು ಆ ವರ್ಷ ಸಿಟ್ಟು ಬಿಟ್ಟಿದ್ದೆ. ಬುಧವಾರ ಬಿಟ್ಟವಳು ಶುಕ್ರವಾರದ ಹೊತ್ತಿಗೆ ಮತ್ತೆ ಹಿಡಿದುಕೊಂಡೆ. ಹಾಗಾಗಿ ಇನ್ನೊಬ್ಬರ ಮೇಲೆ ಕಲ್ಲೆಸೆಯುವ ಹಕ್ಕು ನನಗೂ ಇಲ್ಲ, ಆದರೂ ಎಸೆಯುತ್ತೇನೆ.

ಪಾದ ತೊಳೆಯುವುದರ ಅರ್ಥ ಬಹಳ ಸರಳ. ಸಾಯುವ ಹಿಂದಿನ ಸಂಜೆ ಗುರು ಸೊಂಟಕ್ಕೆ ಟವೆಲು ಕಟ್ಟಿಕೊಂಡು, ಬೋಗುಣಿಯಲ್ಲಿ ನೀರು ತಂದು, ಶಿಷ್ಯರ ಧೂಳು ಕಾಲುಗಳನ್ನು ತೊಳೆದ. ಆ ಕಾಲದಲ್ಲಿ ಅದು ಮನೆಯ ಆಳು ಮಾಡುವ ಕೆಲಸ. ದೊಡ್ಡವನಾಗಬೇಕೆಂದರೆ ಬಗ್ಗು ಎಂದು ಬಾಯಿಂದ ಹೇಳಿದರೆ ಈ ಮಂದಿಗೆ ತಿಳಿಯುವುದಿಲ್ಲವೆಂದು ಮಾಡಿ ತೋರಿಸಿದ. ನಮ್ಮ ಊರಲ್ಲಿ ಬೀಗರು ಬಂದರೆ ಬಾಗಿಲಲ್ಲೇ ತಂಬಿಗೆ ನೀರು ಕೊಡುತ್ತೇವೆ, ಅವರ ಕಾಲು ಅವರೇ ತೊಳೆದುಕೊಳ್ಳುತ್ತಾರೆ. ಇನ್ನೊಬ್ಬರ ಕಾಲು ಮುಟ್ಟುವುದು ಆಶೀರ್ವಾದ ಬೇಕಾದಾಗ. ಹೀಗಿರುವಾಗ ಅಯ್ಯನವರು ಬಗ್ಗಿ ತಮ್ಮ ಕಾಲು ಹಿಡಿಯುತ್ತಾರೆಂದರೆ ನಮ್ಮ ಗಂಡಸರಿಗೆ ಮೈಯೆಲ್ಲ ಮುದುರಿದಂತಾಗುತ್ತಿತ್ತು. ಅದಕ್ಕೆ ಅವರು ಕಂಡುಕೊಂಡ ಉಪಾಯವೆಂದರೆ ಮನೆಯಲ್ಲೇ ತೊಳೆದುಕೊಂಡು ಬರುವುದು.

ತೊಳೆಯುವುದೆಂದರೆ ಸಾದಾ ತೊಳೆಯುವುದಲ್ಲ. ನನ್ನ ಗಂಡ ವರ್ಷವಿಡೀ ಎರೆಮಣ್ಣು ಮೆತ್ತಿದ ಕಾಲಿನಲ್ಲೇ ಪಡಸಾಲೆಗೆ ಬಂದು ಚಾಪೆ ಹೊಲಸು ಮಾಡುವ ಪ್ರಾಣಿ. ಆ ಗುರುವಾರ ಮಾತ್ರ ಮಧ್ಯಾಹ್ನವೇ ಬಚ್ಚಲಿಗೆ ಹೊಕ್ಕು ಕಲ್ಲಿನಿಂದ ಹಿಮ್ಮಡ ತಿಕ್ಕಿ, ಎರಡು ಸಲ ಸಾಬೂನು ಹಚ್ಚಿ, ಉಗುರು ಕತ್ತರಿಸಿ, ಕೊಬ್ಬರಿ ಎಣ್ಣೆ ಸವರಿಕೊಂಡು ಹೊರಗೆ ಬರುತ್ತಿದ್ದ. ಮದುವೆಯ ದಿನವೂ ಆ ಕಾಲುಗಳನ್ನು ನಾನು ಅಷ್ಟು ಚೊಕ್ಕಾಗಿ ನೋಡಿರಲಿಲ್ಲ. ಇಂಥ ಹನ್ನೆರಡು ಮಂದಿ ಗಂಡಸರು ವೇದಿಕೆಯ ಮುಂದೆ ಸಾಲಾಗಿ ಕುಳಿತರೆ ಅಯ್ಯನವರು ಒಬ್ಬೊಬ್ಬರ ಬಲಗಾಲಿಗೆ ಮೂರು ಹನಿ ನೀರು ಬಿಟ್ಟು, ಟವೆಲಿನ ತುದಿ ಮುಟ್ಟಿಸಿ ಮುಂದೆ ಸರಿಯುತ್ತಿದ್ದರು. ಹೊತ್ತು ಉಳಿಯಲಿ ಎಂದು ಒಂದೇ ಕಾಲು. ಬೋಗುಣಿಯ ನೀರು ಕೊನೆಗೂ ಕುಡಿಯಬಹುದಾದಷ್ಟು ತಿಳಿಯಾಗಿ ಉಳಿಯುತ್ತಿತ್ತು. ಇದೇ ನಮ್ಮ ದೀನತೆಯ ಹಬ್ಬ!

ಇನ್ನು ಕುರ್ಚಿಯ ವಿಷಯ. ಮಾಸ್ತರು ರಿಟಾಯರಾದ ಮೇಲೂ ಪಾಠ ಹೇಳುವ ಚಟ ಬಿಟ್ಟಿರಲಿಲ್ಲ. ಮಕ್ಕಳಿಗೆ ಹನ್ನೆರಡು ಶಿಷ್ಯರ ಹೆಸರು ಬಾಯಿಪಾಠವಾಗಲಿ ಎಂದು ಒಂದು ವರ್ಷ ಹನ್ನೆರಡೂ ಕುರ್ಚಿಗಳ ಬೆನ್ನಿಗೆ ಒಂದೊಂದು ಚೀಟಿ ಅಂಟಿಸಿದರು. ಮೊದಲನೆಯದು ಶಿಷ್ಯರಲ್ಲೆಲ್ಲ ಮುಖ್ಯನಾದ ಪೇತ್ರನದು, ಕೊನೆಯದು ಗುರುವನ್ನು ಹಿಡಿದುಕೊಟ್ಟ ಯೂದನದು. ಆ ವರ್ಷ ಕೊನೆಯ ಕುರ್ಚಿಯಲ್ಲಿ ಕುಳಿತ ಪಾಪದ ಮನುಷ್ಯನಿಗೆ ಮರುವಾರವೇ ನಾಯಿ ಕಚ್ಚಿತು. ಮುಗಿಯಿತಲ್ಲ! ಚೀಟಿ ಕಿತ್ತು ಒಲೆಗೆ ಹಾಕಿದರೂ ಕುರ್ಚಿಗೆ ಅಂಟಿದ ಹೆಸರು ಹೋಗಲಿಲ್ಲ. ಮರುವರ್ಷದಿಂದ ಪೇತ್ರನ ಕುರ್ಚಿಗೆ ನೂಕುನುಗ್ಗಲು, ಯೂದನ ಕುರ್ಚಿ ಖಾಲಿ. ಶಕುನ ಕಣಿ ನಂಬಬಾರದೆಂದು ವಾರವಾರ ಬೋಧನೆ ಕೇಳುವ ಮಂದಿ ಇವರು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಹನ್ನೊಂದೇ ಮಂದಿಯಾದರೆ ಶಾಸ್ತ್ರಕ್ಕೆ ಕೊರತೆಯಾಗುತ್ತದೆಂದು ಮಾಸ್ತರು ಚಡಪಡಿಸುತ್ತಿರುವಾಗ ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಗಾದಿ ಸಾಹೇಬರು. ಚರ್ಚಿನ ಹಿಂದಿನ ಓಣಿಯಲ್ಲಿ ಅರಳೆ ಹಿಂಜಿ ಗಾದಿ ಹೊಲಿಯುವ ಮುಸಲ್ಮಾನರು. ನಮ್ಮೆಲ್ಲರ ಮನೆಯ ಹಾಸಿಗೆ ಅವರ ಕೈಯವೇ. ಸಂಜೆಯ ನಮಾಜು ಮುಗಿಸಿ ಹಾಡು ಕೇಳಲು ಬಂದಿದ್ದರು. ಮಾಸ್ತರು ಅವರ ರಟ್ಟೆ ಹಿಡಿದು ತಂದು ಕೊನೆಯ ಕುರ್ಚಿಯಲ್ಲಿ ಕೂಡಿಸಿದರು. ಆ ಮನುಷ್ಯ ನಕ್ಕು, "ನಾ ದಿನಕ್ಕ ಐದ ಸಲ ಕಾಲ ತೊಳಕೋತೀನ್ರಿ, ಇದು ಆರನೇದಾತು" ಎಂದು ಬಲಗಾಲು ಚಾಚಿದರು. ಒಂದು ಸಲ ಮಾಡಿದ್ದು ಅಡಚಣೆಗಾದರೆ ಮೂರು ಸಲ ಮಾಡಿದ್ದು ಪದ್ಧತಿ. ಹಾಗೆ ರೋಣದ ಸಭೆಯಲ್ಲಿ ಮೂರು ವರ್ಷ ಹನ್ನೆರಡನೆಯ ಶಿಷ್ಯರಾಗಿದ್ದವರು ಗಾದಿ ಸಾಹೇಬರು. ಅದು ಯಾರ ಕುರ್ಚಿ ಎಂದು ಅವರಿಗೆ ಯಾರೂ ಹೇಳಲಿಲ್ಲ.

ನಾಲ್ಕನೆಯ ವರ್ಷ ನಮ್ಮ ಅತ್ತೆಯ ಕಾಲು ಕೆಟ್ಟಿತು. ಸಕ್ಕರೆ ಕಾಯಿಲೆಯವರು. ಚರ್ಚಿನ ಫರಸಿಗಲ್ಲಿನ ನೆಲವನ್ನು ಮೂವತ್ತು ವರ್ಷ ಪ್ರತಿ ಶನಿವಾರ ಬರಿಗಾಲಲ್ಲಿ ನಿಂತು ತೊಳೆದವರು ಅವರು. ಅಂಗಳದಲ್ಲಿ ಯಾವಾಗಲೋ ಬಲಗಾಲಿಗೆ ಜಾಲಿಮುಳ್ಳು ಚುಚ್ಚಿದೆ, ಪಾದಕ್ಕೆ ಸ್ಪರ್ಶವೇ ಇರಲಿಲ್ಲವಾದ್ದರಿಂದ ಗೊತ್ತಾಗಿಲ್ಲ. ಗೊತ್ತಾಗುವ ಹೊತ್ತಿಗೆ ಬೆರಳುಗಳು ಒಣಗಿ ಕರ್ರಗಾಗಿದ್ದವು. ಹುಬ್ಬಳ್ಳಿಯ ಡಾಕ್ಟರು ಮೊಣಕಾಲ ಕೆಳಗೆ ತೆಗೆಯಲೇಬೇಕು ಎಂದರು. ಅತ್ತೆ ಬಜಾರದಲ್ಲಿ ಬದನೆಕಾಯಿಗೆ ಚೌಕಾಸಿ ಮಾಡುವವರ ಹಾಗೆ, "ಹಬ್ಬ ಮುಗೀಲಿ ತಡೀರಿ" ಎಂದು ಪಟ್ಟು ಹಿಡಿದರು. ಬೈದು ಬೈದು ಸುಸ್ತಾಗಿ ಡಾಕ್ಟರು ಈಸ್ಟರ್ ಮುಗಿದ ಮಂಗಳವಾರಕ್ಕೆ ಒಪ್ಪಿದರು.

ಊರಿಗೆ ಬಂದ ದಿನ ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದೆ. ಅತ್ತೆ ಹೊಸ್ತಿಲ ಬಳಿ ಕಾಲು ಚಾಚಿ ಕುಳಿತಿದ್ದರು.

"ನೋಡವಾ, ನಿನಗ ಒಂದ್ ಮಾತು ಹೇಳ್ಲಿ?"

"ಹೇಳ್ರಿ ಅತ್ತಿ."

"ಎರಡೂ ಕಾಲು ಇರೂಮುಂದ ಒಮ್ಮೆ ಅಯ್ಯನೋರ ಕೈಲೆ ತೊಳಸ್ಕೋಬೇಕು ಅಂತ ಆಸೆ ಐತಿ. ಈ ಗುರುವಾರ ಬಿಟ್ರ ಮತ್ತ ಆಗಾಂಗಿಲ್ಲ."

ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಆಕೆ ನನ್ನನ್ನು ಬೈದದ್ದಕ್ಕೆ ಲೆಕ್ಕವಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತು, ಸೆರಗು ಜಾರಿತು, ಸಂಬಳ ಬಂತೆಂದು ಸೊಕ್ಕು ಬಂತು. ಆದರೆ ಏನನ್ನೂ ಕೇಳಿದವರಲ್ಲ. ನಾನು "ಅದಕ್ಕೇನ್ರಿ, ಆಗ್ಲಿ ಬಿಡ್ರಿ" ಎಂದು ರೊಟ್ಟಿಯನ್ನು ಎರಡು ಪೆಟ್ಟು ಜೋರಾಗಿ ಬಡಿದೆ.

ಮರುದಿನ ಶಾಲೆ ಬಿಟ್ಟವಳೇ ಮಾಸ್ತರ ಮನೆಗೆ ಹೋದೆ. ಅವರು ಬೇಯಿಸಿದ ತತ್ತಿಯ ಸಿಪ್ಪೆ ಸುಲಿಯುತ್ತಿದ್ದರು.

"ಮಾಸ್ತರ, ಈ ಸಲ ಕಡೇ ಕುರ್ಚಿಗೆ ನಮ್ಮ ಅತ್ತಿ ಕುಂದರ್ಲಿ."

"ಎಲ್ಲೆರ ಉಂಟೇನ್ರಿ ಅಕ್ಕಾರ? ಶಿಷ್ಯರು ಹನ್ನೆರಡೂ ಮಂದಿ ಗಂಡಸ್ರಿದ್ರು."

"ಅದರಾಗ ಗಾದಿ ಹೊಲಿಯೋರು ಎಷ್ಟ ಮಂದಿ ಇದ್ರು?"

"ಅವರು ಏನರ ಇರ್ಲಿ, ಗಂಡಸ್ರು ಅದಾರಲ್ರಿ!"

"ಹಂಗಂದ್ರ ನಮ್ಮವನಲ್ಲದ ಗಂಡಸು ನಡೀತಾನ, ನಮ್ಮ ಹೆಣಮಗಳು ನಡ್ಯಾಂಗಿಲ್ಲ. ಭಾಳ ಚಲೋ ಐತ್ರಿ ನಿಮ್ಮ ಪರಲೋಕದ ರಾಜ್ಯ."

"ಸಿಟ್ಟಿಗೇಳಬ್ಯಾಡ್ರಿ. ಅವ್ವಾರ ಕಾಲಿಗೆ ಗಾಯ ಬ್ಯಾರೆ ಐತಿ. ಮಂದಿ ಕೂಡಿರತಾರ, ವಾಸನಿ ಅದೂ ಇದೂ..." ಅವರು ಕನ್ನಡಕ ಸರಿಮಾಡಿಕೊಂಡರು. "ಮುಂದಿನ ವರ್ಷ ಕಮಿಟಿ ಕರದು ಮಾತಾಡೂಣು."

"ಮುಂದಿನ ವರ್ಷ ಆಕೀಗೆ ಒಂದ ಕಾಲು ಇರತೈತ್ರಿ ಮಾಸ್ತರ."

"ದೇವರ ಚಿತ್ತ" ಎಂದು ಅವರು ತತ್ತಿಗೆ ಉಪ್ಪು ಹಚ್ಚಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ದೇವರ ಚಿತ್ತವಂತೆ! ತಮಗೆ ಮನಸ್ಸಿಲ್ಲದ ಕೆಲಸವನ್ನೆಲ್ಲ ಎತ್ತಿಹಾಕಲು ಈ ಮಂದಿಗೆ ದೇವರೊಬ್ಬ ಸಿಕ್ಕಿದ್ದಾನೆ. ಆ ಸಿಟ್ಟಿನಲ್ಲೇ ಗಾದಿ ಸಾಹೇಬರ ಅಂಗಡಿಗೆ ನುಗ್ಗಿದೆ. ನನ್ನ ಎಣಿಕೆ ಏನಿತ್ತೆಂದರೆ, ಕುರ್ಚಿಯ ಗುಟ್ಟು ಹೇಳಿಬಿಡುವುದು, ಅವರು ಅವಮಾನವಾಯಿತೆಂದು ಸಿಡಿಯುವುದು, ಇನ್ನು ಬರುವುದಿಲ್ಲ ಎನ್ನುವುದು, ಕುರ್ಚಿ ಖಾಲಿಯಾಗುವುದು. ಎಂಥ ದೊಡ್ಡ ಬುದ್ಧಿ ನನ್ನದು! ಅತ್ತೆಯ ಕಾಲು ತೊಳೆಸಲು ಒಬ್ಬ ಒಳ್ಳೆಯ ಮನುಷ್ಯನ ಮನಸ್ಸು ಹೊಲಸು ಮಾಡಲು ಹೊರಟಿದ್ದೆ.

ಸಾಹೇಬರು ಅರಳೆ ಹಿಂಜುವ ಯಂತ್ರ ನಿಲ್ಲಿಸಿ ಗಡ್ಡಕ್ಕೆ ಅಂಟಿದ ಅರಳೆ ಒರೆಸಿಕೊಂಡರು.

"ಸಾಹೇಬ್ರ, ನಿಮ್ಮನ್ನ ಕುಂದ್ರಸತಾರಲ್ಲ, ಆ ಕುರ್ಚಿ ಯಾರದಂತ ಗೊತ್ತೈತೇನ್ರಿ?"

"ಯೇಸುನ್ನ ಹಿಡದ ಕೊಟ್ಟಾಂವಂದಲ್ರಿ? ಮದಲನೇ ವರ್ಷನ ನಿಮ್ಮ ಹುಡುಗೂರು ಹೇಳಿದ್ವು."

ನಾನು ಪೆಚ್ಚಾದೆ. "ಗೊತ್ತಿದ್ದೂ ಕುಂತ್ರಿ?"

"ಕುರ್ಚಿ ಏನ್ ಮಾಡತೈತ್ರಿ ಅಕ್ಕಾರ? ಕಟಗೀದು. ಕರದ್ರು, ಬಂದೆ. ಮಾಸ್ತರು ಅಷ್ಟ ಗಾಬರಿಯಾಗಿದ್ರು, ಒಲ್ಲೆ ಅನ್ನಾಕ ಮನಸ ಆಗ್ಲಿಲ್ಲ. ಈಗ ಯಾಕ ಬಂತ್ರಿ ಆ ಮಾತು?"

ನಾಚಿಕೆಯಿಂದ ನೆಲ ನೋಡುತ್ತ ಎಲ್ಲವನ್ನೂ ಹೇಳಿದೆ. ಕಾಲು, ಮಂಗಳವಾರ, ಅತ್ತೆಯ ಆಸೆ, ಮಾಸ್ತರ ಕಮಿಟಿ. ಸಾಹೇಬರು ಸೂಜಿಗೆ ದಾರ ಪೋಣಿಸಿದರು. ಆಮೇಲೆ ಮುಖದಲ್ಲಿ ಒಂದಿಷ್ಟೂ ನಗೆಯಿಲ್ಲದೆ ಹೇಳಿದರು.

"ಗುರುವಾರ ನಾ ಊರಾಗ ಇರಾಂಗಿಲ್ರಿ. ಹೊಳೆಆಲೂರಿಗೆ ಗಾದಿ ಕೊಡಾಕ ಹೋಗೋದೈತಿ. ಸಂಜಿ ಬಸ್ಸು ತಪ್ಪತೈತಿ."

"ಇನ್ನೂ ಐದ ದಿನ ಐತಿ, ಬಸ್ಸು ತಪ್ಪತೈತಿ ಅಂತ ಈಗ ಹ್ಯಾಂಗ ಗೊತ್ತಾತ್ರಿ?"

"ನಮ್ಮ ಬಸ್ಸು ನಮಗ ಗೊತ್ತಿಲ್ಲೇನ್ರಿ" ಎಂದು ಅವರು ಯಂತ್ರ ಚಾಲೂ ಮಾಡಿದರು.

ಗುರುವಾರ ಸಂಜೆ ನಾನೂ ಅತ್ತೆಯೂ ಎಂದಿನಂತೆ ಹೆಂಗಸರ ಕಡೆಯ ಚಾಪೆಯಲ್ಲಿ ಕುಳಿತೆವು. ಮಾಸ್ತರು ಒಪ್ಪಲಿಲ್ಲ ಎಂಬುದನ್ನು ಅತ್ತೆಗೆ ಹೇಳಿದ್ದೆ. ಸಾಹೇಬರ ಬಸ್ಸಿನ ಸಂಗತಿ ಹೇಳಿರಲಿಲ್ಲ. ಸುಮ್ಮನೆ ಆಸೆ ಹಚ್ಚುವುದು ಬೇಡವೆನಿಸಿತ್ತು. ಅತ್ತೆ ಬಿಳಿ ಸೀರೆಯ ಅಂಚಿನಲ್ಲಿ ಪಟ್ಟಿ ಕಟ್ಟಿದ ಕಾಲು ಮುಚ್ಚಿಕೊಂಡು ಹಾಡಿನ ಪುಸ್ತಕ ತಿರುವುತ್ತಿದ್ದರು.

ಹಾಡಾಯಿತು, ವಾಚನವಾಯಿತು. ಗಂಡಸರು ಎದ್ದು ಕುರ್ಚಿ ಹಿಡಿದರು. ಪೇತ್ರನ ಕುರ್ಚಿಗೆ ಇಬ್ಬರು ಒಟ್ಟಿಗೇ ಕುಳಿತು, ಒಬ್ಬ ಸೋತು ಪಕ್ಕಕ್ಕೆ ಸರಿದ. ನನ್ನ ಗಂಡ ನಡುವೆ ಎಲ್ಲೋ ಎಣ್ಣೆ ಹಚ್ಚಿದ ಕಾಲು ಮಿಂಚಿಸುತ್ತ ಕುಳಿತಿದ್ದ. ಹನ್ನೆರಡನೆಯದು ಖಾಲಿ. ಮಾಸ್ತರು ಬಾಗಿಲು ನೋಡಿದರು. ಹೊರಗೆ ಹೋಗಿ ಓಣಿ ನೋಡಿಬಂದರು. "ಅಂಗಡಿ ಕೀಲಿ ಹಾಕೈತ್ರಿ" ಎಂದು ಅಯ್ಯನವರ ಕಿವಿಯಲ್ಲಿ ಹೇಳಿದ್ದು ಇಡೀ ಸಭೆಗೆ ಕೇಳಿಸಿತು. ಹಿಂದಿನ ಬೆಂಚುಗಳಲ್ಲಿ ಉಳಿದಿದ್ದ ಗಂಡಸರ ಕಡೆ ತಿರುಗಿ ಕೈ ಮಾಡಿ ಕರೆದರು. ಒಬ್ಬನಿಗೆ ಮೊಣಕಾಲು ನೋವು. ಇನ್ನೊಬ್ಬ ಮೊಬೈಲು ಕಿವಿಗಿಟ್ಟು ಹೊರಗೆ ನಡೆದ. ಮೂರನೆಯವನು ಎದ್ದು ನಿಂತು, "ನಾ ಒಲ್ಲೆರಿ, ನನ್ನ ಕಾಲು ಹೊಲಸ ಅದಾವ" ಎಂದ. ಕಾಲು ತೊಳೆಯುವ ಆರಾಧನೆಯಲ್ಲಿ! ನಾನು ನಗು ತಡೆಯಲು ಸೆರಗು ಬಾಯಿಗೆ ತುರುಕಿಕೊಂಡೆ.

ಅಷ್ಟರಲ್ಲಿ ಪಕ್ಕದಲ್ಲಿ ಕೋಲಿನ ಸದ್ದಾಯಿತು. ಅತ್ತೆ ಎದ್ದಿದ್ದರು. ನಾನು ಕೈ ಕೊಡಲು ಹೋದರೆ ಕೊಡವಿಕೊಂಡರು. ಒಂದು ಹೆಜ್ಜೆ, ಒಂದು ಕೋಲು, ಒಂದು ಹೆಜ್ಜೆ. ತಾವೇ ತೊಳೆದಿಟ್ಟ ಫರಸಿಗಲ್ಲಿನ ಮೇಲೆ ಎಲ್ಲರ ನಡುವೆ ನಡೆದುಹೋಗಿ ಕೊನೆಯ ಕುರ್ಚಿಯಲ್ಲಿ ಕುಳಿತರು.

ಮಾಸ್ತರು ಬಗ್ಗಿ, "ಅವ್ವಾರ, ಆ ಕುರ್ಚಿ..." ಎಂದರು.

"ಯಾರದಂತ ಗೊತ್ತೈತೋ ತಮ್ಮಾ. ಸ್ವಾಮಿ ಅವನ ಕಾಲೂ ತೊಳದಾನಲ್ಲ? ಅವನ್ನ ಬಿಟ್ಟು ಮುಂದ ಹೋಗ್ಲಿಲ್ಲಲ್ಲ?"

ಇಷ್ಟು ವರ್ಷ ಎಷ್ಟೋ ಅಯ್ಯನವರ ಬೋಧನೆ ಕೇಳಿದ್ದೇನೆ. ಈ ಮಾತನ್ನು ಒಬ್ಬರೂ ಹೇಳಿರಲಿಲ್ಲ. ಮಾಸ್ತರು ಅಯ್ಯನವರ ಮುಖ ನೋಡಿದರು. ಆ ಸಲದ ಅಯ್ಯನವರು ಅದೇ ವರ್ಷ ಓದು ಮುಗಿಸಿ ಹಿಂದಿನವರ ಜಾಗಕ್ಕೆ ಬಂದ ತರುಣ, ಮೀಸೆ ಕೂಡ ಸರಿಯಾಗಿ ಮೂಡಿರಲಿಲ್ಲ. ಬೋಗುಣಿಯನ್ನು ನೋಡಿದರು, ಅತ್ತೆಯನ್ನು ನೋಡಿದರು. "ಕುಂತಿರ್ರಿ ಅವ್ವಾರ" ಎಂದು ಮೊದಲ ಕುರ್ಚಿಯ ಕಡೆ ಹೋದರು.

ಮೂರು ಹನಿ, ಟವೆಲಿನ ತುದಿ. ಮೂರು ಹನಿ, ಟವೆಲಿನ ತುದಿ. ಹನ್ನೊಂದು ಚೊಕ್ಕ ಕಾಲುಗಳು ಚೊಕ್ಕವಾದವು. ಕೊನೆಯ ಕುರ್ಚಿಯ ಮುಂದೆ ಮಂಡಿಯೂರಿದಾಗ ಸೀರೆಯಂಚಿನ ಕೆಳಗೆ ಬಲಗಾಲಿನ ಪಟ್ಟಿ ಕಂಡು ಅಯ್ಯನವರ ಕೈ ನಿಂತಿತು. ಒಂದು ಕ್ಷಣ ತಡೆದು ಎಡಗಾಲನ್ನು ಎತ್ತಿಕೊಂಡರು. ಹಿಮ್ಮಡ ಬೇಸಿಗೆಯ ಎರೆಹೊಲದಂತೆ ಬಿರಿದಿತ್ತು. ಉಳಿದವರಿಗಿಂತ ಹೆಚ್ಚು ನೀರು ಹಾಕಿ, ಚೆನ್ನಾಗಿ ಒರೆಸಿ, ನಮಸ್ಕಾರ ಮಾಡಿ ಏಳಲು ಹೊರಟರು. ಒಳ್ಳೆಯ ಹುಡುಗ. ನಾನು ಸಮಾಧಾನದ ಉಸಿರು ಬಿಟ್ಟೆ. ಅತ್ತೆಯ ಆಸೆ ತೀರಿತು ಎಂದುಕೊಂಡೆ.

ಅತ್ತೆ ಎರಡೂ ಕೈಯಿಂದ ಬಲ ಮೊಣಕಾಲನ್ನು ಹಿಡಿದೆತ್ತಿ, ಪಟ್ಟಿ ಕಟ್ಟಿದ ಪಾದವನ್ನು ಬೋಗುಣಿಯ ಅಂಚಿಗೆ ಇಟ್ಟರು.

"ಅದು ನನ್ನ ಕೂಡ ಇರೋದೈತ್ರಿ ಅಯ್ಯನೋರ, ಅದನ್ನ ನಾನ ತೊಳಕೋತೀನಿ. ಇದು ನನಗಿಂತ ಮದ್ಲ ಹೊಂಟೈತಿ. ಇದನ್ನ ತೊಳದು ಕಳಸ್ರಿ."

ನಮ್ಮಲ್ಲಿ ತೀರಿಕೊಂಡವರನ್ನು ತೊಳೆದು, ಹೊಸ ಬಟ್ಟೆ ಉಡಿಸಿ ಮಣ್ಣಿಗೆ ಕೊಡುತ್ತೇವೆ. ಆ ಕಾಲಿಗೆ ಅದನ್ನೆಲ್ಲ ಯಾರು ಮಾಡುವವರಿದ್ದರು? ಆಕೆ ಒಬ್ಬಳೇ ಕುಳಿತು ಇದನ್ನೆಲ್ಲ ಯೋಚಿಸಿದ್ದಾಳೆ. ನಾನು ಆಕೆಗೆ ಕುರ್ಚಿಯ ಮರ್ಯಾದೆ ಬೇಕೆಂದು ತಿಳಿದು ಮಾಸ್ತರ ಜೊತೆ ಗಂಡಸು ಹೆಂಗಸು ಎಂದು ಜಗಳವಾಡಿ ಬಂದಿದ್ದೆ.

ಎದ್ದು ಹೋಗಿ ಅಯ್ಯನವರ ಪಕ್ಕ ಕುಳಿತು ಪಟ್ಟಿ ಬಿಚ್ಚಿದೆ. ಕಣ್ಣೀರು ನನ್ನ ಕೈಮೇಲೆಯೇ ಬೀಳುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ವಾಸನೆ ಬಂತು. ಪೇತ್ರನ ಕುರ್ಚಿಯವನು ಕರವಸ್ತ್ರ ತೆಗೆದ. ಅಯ್ಯನವರು ಟವೆಲನ್ನು ಬದಿಗಿಟ್ಟು, ತೋಳು ಮಡಚಿ, ಬರಿಗೈಯಲ್ಲಿ ಆ ಹಿಮ್ಮಡವನ್ನು ಹಿಡಿದರು. ತಂಬಿಗೆಯ ನೀರನ್ನು ಪೂರ್ತಿ ಹಾಕಿದರು. ಕರ್ರಗಾದ ಬೆರಳುಗಳನ್ನು ಒಂದೊಂದಾಗಿ, ಸಂದಿಯಲ್ಲೂ ತೊಳೆದರು. ನೀರು ಸಾಲದಾಯಿತು. ಮಾಸ್ತರು ಯಾರಿಗೂ ಹೇಳದೆ ತಾವೇ ಎದ್ದು ಹೋಗಿ ಕೊಡ ತಂದಿಟ್ಟರು. ಅತ್ತೆಗೆ ಇದ್ಯಾವುದರ ಸ್ಪರ್ಶವೂ ತಿಳಿಯುತ್ತಿರಲಿಲ್ಲ. ಕೆಲಸ ಸರಿಯಾಗಿ ಆಗುತ್ತಿದೆಯೋ ಇಲ್ಲವೋ ಎಂದು ಮುಂದಕ್ಕೆ ಬಗ್ಗಿ ಕಣ್ಣಿಂದಲೇ ನೋಡುತ್ತಿದ್ದರು.

ಮಂಗಳವಾರ ಹುಬ್ಬಳ್ಳಿಯಲ್ಲಿ ಆಪರೇಶನ್ನಿಗೆ ಒಯ್ಯುವ ಮುಂಚೆ ನರ್ಸೊಬ್ಬಳು ಔಷಧದ ನೀರು, ಅರಳೆ ಹಿಡಿದುಕೊಂಡು ಬಂದಳು. "ಕಾಲು ತೊಳೀಬೇಕಜ್ಜಿ" ಎಂದಳು.

ಅತ್ತೆ ಮಲಗಿದ್ದಲ್ಲಿಂದಲೇ ತಲೆ ಎತ್ತಿದರು.

"ತೊಳದಾರವಾ" ಎಂದರು. "ಗುರುವಾರನ ತೊಳದಾರ."